ಸ್ವಂತ ಬೀಟಿನ ನೋಟಿಸು

ವಕೀಲರ ನೋಟಿಸನ್ನು ಟಪಾಲಣ್ಣ ಕಣ್ಣು ಮುಚ್ಚಿಕೊಂಡೇ ಗುರುತಿಸಬಲ್ಲ. ಉದ್ದನೆಯ ಕಂದು ಲಕೋಟೆ, ಒಳಗೆ ಮೂರು ಮಡಿಕೆಯ ದಪ್ಪ ಕಾಗದ, ಬೆನ್ನಿಗೆ ಪಿನ್ನು ಹೊಡೆದ ಸ್ವೀಕೃತಿ ಚೀಟಿ. ಆ ಚೀಟಿಯ ಮೇಲೆ ವಿಳಾಸದಾರರ ಸಹಿ ಬಿದ್ದ ಮೇಲೆ ಅದು ತಿರುಗಿ ವಕೀಲರ ಮೇಜಿಗೆ ಹೋಗಬೇಕು. ಹದಿನೈದು ವರ್ಷದಿಂದ ಒಂದೇ ಬೀಟು ತಿರುಗಿದವನು ಅವನು. ನಾಲ್ಕು ಬೀದಿ, ಮುನ್ನೂರ ಹನ್ನೆರಡು ಬಾಗಿಲು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯ ಸೊಸೆ ಅಳುತ್ತಾಳೆ, ಎರಡೂ ಅವನಿಗೆ ಗೊತ್ತು.

ಗೊತ್ತಿದ್ದರೆ ಸುಮ್ಮನಿರಬೇಕಲ್ಲ, ಇರುವ ಪೈಕಿಯಲ್ಲ ಈ ಮಹಾರಾಯ. ವಿಚ್ಛೇದನದ ನೋಟಿಸು ಹಿಡಿದು ಹೊಸ್ತಿಲಲ್ಲೇ ಕುಸಿದು ಕೂತವರು ಮೊದಲು ಕೇಳುವುದು ಎದುರಿಗೆ ನಿಂತವನನ್ನು. ಎದುರಿಗೆ ನಿಂತವನು ಇವನು.

"ಸಹಿ ಹಾಕದೆ ವಾಪಸು ಕಳಿಸಿದ್ರೆ ಕೇಸು ನಿಂತುಹೋಗುತ್ತಾ, ಟಪಾಲಣ್ಣ?"

"ಇಲ್ಲಮ್ಮ. ಬೇಡ ಅಂದ್ರೂ ಕೊಟ್ಟ ಹಾಗೇ ಲೆಕ್ಕ."

ಇದೊಂದು ಅವನಿಗೆ ಸರಿಯಾಗಿ ಗೊತ್ತಿತ್ತು, ತನ್ನ ಇಲಾಖೆಯ ವಿಷಯವಲ್ಲವೆ. ಉಳಿದದ್ದೆಲ್ಲ ಅಲ್ಲಿ ಕೇಳಿದ್ದನ್ನು ಇಲ್ಲಿ ಹೇಳುವುದು, ಇಲ್ಲಿ ಕೇಳಿದ್ದನ್ನು ಅಲ್ಲಿ. ಎಷ್ಟು ದಿನದಲ್ಲಿ ಉತ್ತರ ಕೊಡಬೇಕು ಎಂದರೆ ಹದಿನೈದು ದಿನ ಎನ್ನುತ್ತಿದ್ದ. ಇಬ್ಬರೂ ಒಪ್ಪಿದರೆ ಬೇಗ ಮುಗಿಯುತ್ತದಾ ಎಂದರೆ, "ಒಪ್ಪಿದ್ರೆ ಆರು ತಿಂಗಳು, ಒಪ್ಪದಿದ್ರೆ ತಲೆ ಬೆಳ್ಳಗಾಗೋ ತನಕ." ಮಗು ಯಾರ ಹತ್ತಿರ ಇರುತ್ತದೆ ಎಂದು ಕೇಳಿದಾಗ ಮಾತ್ರ ಆಕಾಶ ನೋಡುತ್ತಿದ್ದ. ಕೊನೆಗೆ, ಯಾರೂ ಕೇಳದಿದ್ದರೂ, ತನ್ನ ಕಡೆಯಿಂದ ಒಂದು ಕೊಸರು ಸೇರಿಸುತ್ತಿದ್ದ: "ಯಾರು ಮೊದಲು ನೋಟಿಸು ಕಳಿಸ್ತಾರೋ ಅವರದೇ ಮೇಲುಗೈ, ನೆನಪಿಟ್ಕೊಳ್ಳಿ." ಇದನ್ನು ಅವನಿಗೆ ಯಾವ ವಕೀಲನೂ ಹೇಳಿರಲಿಲ್ಲ. ಹೇಳಿ ಹೇಳಿ ಅವನಿಗೇ ನಿಜವಾಗಿಬಿಟ್ಟಿತ್ತು.

ಹೆಂಡತಿ ಇವನಿಗೆ ತದ್ವಿರುದ್ಧ. ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸ. ಗಾಜು ಕೂರಿಸುವುದು, ಕಡ್ಡಿ ಬಗ್ಗಿಸಿ ಗಿರಾಕಿಯ ಕಿವಿಗೆ ಹೊಂದಿಸುವುದು. ದಿನಕ್ಕೆ ಐವತ್ತು ಮುಖ ಹತ್ತಿರದಿಂದ ನೋಡಿದರೂ ಮನೆಗೆ ಬಂದು ಒಬ್ಬರ ಸುದ್ದಿಯನ್ನೂ ಆಡುವವಳಲ್ಲ. "ನಿಮ್ಮ ಬಾಯಲ್ಲಿ ಎಳ್ಳು ನೆನೆಯಲ್ಲ ಕಣ್ರೀ" ಎಂದು ಮದುವೆಯಾದ ವರ್ಷವೇ ಹೇಳಿದ್ದಳು, ಆಮೇಲೆ ಗುಟ್ಟಿನ ಮಾತನ್ನು ಅವನ ಮುಂದೆ ಆಡುವುದನ್ನೇ ಬಿಟ್ಟಿದ್ದಳು. ಅವಳು ಅವನಿಗೆ ಪದೇ ಪದೇ ಹೇಳುತ್ತಿದ್ದುದು ಒಂದೇ ಮಾತು. "ಲಕೋಟೆನೆಲ್ಲ ಮೂಗಿಗೆ ಹಿಡಿದು ಓದ್ತೀರಿ. ಒಂದಿನ ಅಂಗಡಿಗೆ ಬನ್ನಿ, ಕಣ್ಣು ಪರೀಕ್ಷೆ ಮಾಡಿಸ್ತೀನಿ." ಅದಕ್ಕೆ ಇವನದೂ ಒಂದೇ ಉತ್ತರ. "ನನ್ನ ಕಣ್ಣಿಗೇನು ಧಾಡಿ?" ಹೀಗೆ ಎರಡು ವರ್ಷ ಕಳೆದಿತ್ತು.

ಎಲ್ಲ ಶುರುವಾದದ್ದು ಒಂದು ಬುಧವಾರ. ಸಂಜೆ ಐದೂವರೆಗೆ ಟಪಾಲಣ್ಣ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಬೇಕರಿಯ ಮುಂದೆ ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದ. ಬೇಕರಿಯ ಮೇಲಿನ ಮಹಡಿಯಲ್ಲಿ ಒಬ್ಬ ವಕೀಲನ ಕಚೇರಿ. ಮೂವತ್ತೈದರ ಆಸುಪಾಸು, ಇಸ್ತ್ರಿ ಮಡಿಕೆ ಮುರಿಯದ ಅಂಗಿ, ಹೊಸ ಕನ್ನಡಕ. ಆ ವಕೀಲ ಮೆಟ್ಟಿಲ ಬುಡದಲ್ಲಿ ನಿಂತಿದ್ದ. ಅವನೆದುರು ಇವನ ಹೆಂಡತಿ. ಅವಳು ನಗುತ್ತಾ ಏನೋ ಹೇಳಿದಳು, ಎರಡೂ ಕೈ ಎತ್ತಿ ಅವನ ಕನ್ನಡಕ ತೆಗೆದಳು, ಕಡ್ಡಿ ಚೂರು ಬಗ್ಗಿಸಿದಳು, ತಿರುಗಿ ಅವನ ಮೂಗಿನ ಮೇಲೆ ಇಟ್ಟು, ಕಿವಿಯ ಹಿಂದೆ ಬೆರಳಿಂದ ಒತ್ತಿ ನೋಡಿದಳು.

ಟಪಾಲಣ್ಣನ ಹೊಟ್ಟೆಗೆ ಕೊಳ್ಳಿ ಇಟ್ಟಂತಾಯಿತು. ಆ ಬೆರಳು ತನ್ನ ಕಿವಿಯ ಹಿಂದೆ ಎಂದೂ ಹೋಗಿಲ್ಲ. ಹೋಗಲು ತಾನೇ ಬಿಟ್ಟಿಲ್ಲ ಎನ್ನುವುದು ಆ ಹೊತ್ತಿಗೆ ಅವನಿಗೆ ಹೊಳೆಯಲಿಲ್ಲ. ಹೊಟ್ಟೆಕಿಚ್ಚಿನವನಿಗೆ ತನ್ನ ತಪ್ಪು ಹೊಳೆಯುವುದು ಯಾವಾಗ ಹೇಳಿ.

ರಾತ್ರಿ ಊಟಕ್ಕೆ ಕೂತಾಗ ಏನೂ ಗೊತ್ತಿಲ್ಲದವನ ಹಾಗೆ ಕೇಳಿದ. "ಇವತ್ತೇನು, ತಡ?"

"ಅಂಗಡೀಲಿ ಕೆಲಸ ಜಾಸ್ತಿ ಇತ್ತು" ಎಂದಳು, ತಟ್ಟೆಯಿಂದ ತಲೆ ಎತ್ತದೆ.

ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ಕಿವಿ ಕೆಂಪಾಗಿತ್ತು. ಅದೇ ಕೆಂಪು ಇವನಿಗೆ ಸಾಕ್ಷಿಯಾಯಿತು. ಅಲ್ಲಿಂದ ಮುಂದೆ ಎಂಟು ಬುಧವಾರ ಅವನು ಎಣಿಸಿದ. ಎಂಟೂ ಬುಧವಾರ ತಡ, ಎಂಟು ಸಲವೂ ಕೆಲಸ ಜಾಸ್ತಿ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಅವಳು ಹೊಸ ಚಪ್ಪಲಿ ಕೊಂಡರೆ ಅದು ಆ ವಕೀಲನಿಗಾಗಿ, ಹಳೇ ಚಪ್ಪಲಿ ಮೆಟ್ಟಿದರೆ ಅದು ತನ್ನ ಕಣ್ಣಿಗೆ ಮಣ್ಣೆರಚಲು.

ಆ ಕಚೇರಿಯೂ ಇವನ ಬೀಟಿನದೇ. ಮೊದಲೆಲ್ಲ ಕೆಳಗಿನ ಡಬ್ಬಿಗೆ ಕಾಗದ ಹಾಕಿ ಹೋಗುತ್ತಿದ್ದವನು ಈಗ ದಿನಾ ಮಹಡಿ ಹತ್ತತೊಡಗಿದ. ಪೆನ್ನಿನ ಸ್ಟ್ಯಾಂಡಿನಲ್ಲಿ ಒಂದು ಬಾಚಣಿಗೆ ಕಂಡಿತು. ಕೋರ್ಟಿಗೆ ಹೋಗುವವನಿಗೆ ಬಾಚಣಿಗೆ ಯಾಕೆ ಎಂದು ಅದನ್ನೇ ಮೂರು ದಿನ ಮೆಲುಕು ಹಾಕಿದ. ಒಂದು ದಿನ ತಡೆಯಲಾರದೆ ಬಾಯಿ ಬಿಟ್ಟ.

"ಕನ್ನಡಕ ಚೆನ್ನಾಗಿದೆ ಸಾರ್, ನಿಮಗೆ."

ಪಾಪ, ಆ ವಕೀಲನಿಗೆ ಇವನು ಯಾರ ಗಂಡ ಎಂದು ಗೊತ್ತಿಲ್ಲ. "ಗೊತ್ತಿರೋರೊಬ್ರು ಮಾಡ್ಕೊಟ್ರು. ಮೊದಲಿನದು ಮೂಗು ಕಚ್ತಿತ್ತು. ಇದು ಇದೆ ಅಂತಾನೇ ಗೊತ್ತಾಗಲ್ಲ. ಅವರ ಕೈಗುಣ" ಎಂದು ಮೆಚ್ಚಿಕೊಂಡ.

ಕೈಗುಣವಂತೆ. ಟಪಾಲಣ್ಣ ಧಡಧಡ ಮೆಟ್ಟಿಲು ಇಳಿದ.

ಆ ವಾರವೇ ಚೀಟಿ ಸಿಕ್ಕಿತು. ಬೀಗದ ಕೈಗೆಂದು ಅವಳ ಚೀಲಕ್ಕೆ ಕೈ ಹಾಕಿದ್ದ. ಕೈಗೆ ಬಂದದ್ದು ಅಂಗಡಿಯ ಕಣ್ಣಳತೆಯ ಚೀಟಿ. ಅದರ ಬೆನ್ನಿಗೆ ಅವಳ ಗುಂಡು ಗುಂಡು ಅಕ್ಷರ. ಕಿಟಕಿಯ ಬೆಳಕಿಗೆ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದ.

"ಒಂದೇ ಮನೆಯಲ್ಲಿ ಇದ್ದುಕೊಂಡೇ ಕೇಸು ಹಾಕಬಹುದಾ? ಅವರು ಒಪ್ಪದಿದ್ದರೆ ಎಷ್ಟು ಕಾಲ ಹಿಡಿಯುತ್ತೆ? ಮಗಳು ಯಾರ ಹತ್ತಿರ ಇರ್ತಾಳೆ, ಅವಳನ್ನೂ ಕೇಳ್ತಾರಾ? ಮನೆ ಬಿಟ್ಟು ಬಂದರೆ ಹಕ್ಕು ಹೋಗುತ್ತಾ? ಹೊಡೆದದ್ದಕ್ಕೆ ಸಾಕ್ಷಿ ಬೇಕೇ ಬೇಕಾ, ಡಾಕ್ಟರ ಚೀಟಿ ಸಾಕಾ?"

ಇವರಿಗೂ ಒಬ್ಬಳೇ ಮಗಳು, ಎಂಟು ವರ್ಷದವಳು. ಮಗಳ ಸಾಲನ್ನು ಎರಡು ಸಲ ಓದಿದ. ಕೊನೆಯ ಸಾಲಿಗೆ ಬಂದಾಗ ಮಾತ್ರ ಮೈ ಉರಿದುಹೋಯಿತು. ಹೊಡೆದದ್ದಕ್ಕೆ? ತಾನು ಯಾವತ್ತು ಹೊಡೆದೆ? ಒಂದು ಸಲ ಬಾಗಿಲು ಜೋರಾಗಿ ಹಾಕಿದ್ದುಂಟು, ಅದೂ ಗಾಳಿಗೆ. ಹೊಡೆಯದವನ ಮೇಲೆ ಹೊಡೆದ ಅಂತ ಬರೆಸುತ್ತಾಳೆ, ಕನ್ನಡಕದವನು ಕೂತು ಬರೆಯುತ್ತಾನೆ. ಇಬ್ಬರೂ ಸೇರಿ ತನ್ನ ಮಗಳನ್ನೂ ಕಿತ್ತುಕೊಳ್ಳುತ್ತಾರೆ. ಚೀಟಿಯನ್ನು ಇದ್ದ ಹಾಗೇ ಮಡಿಸಿ ಇದ್ದಲ್ಲೇ ಇಟ್ಟ. ಕೇಳಬಹುದಿತ್ತು. ಅಡಿಗೆಮನೆ ಏಳು ಹೆಜ್ಜೆ ದೂರ, ಅವಳು ಅಲ್ಲೇ ಪಾತ್ರೆ ಒರೆಸುತ್ತಿದ್ದಳು. ಊರವರ ಬಾಗಿಲಲ್ಲಿ ನಿಂತು ಅರ್ಧ ಗಂಟೆ ಹರಟುವವನಿಗೆ ಆ ಏಳು ಹೆಜ್ಜೆ ಇಡಲಾಗಲಿಲ್ಲ. ತಾನೇ ಊರಿಗೆಲ್ಲ ಹಂಚಿದ ವೇದವಾಕ್ಯ ತಲೆಯೊಳಗೆ ಕೂಗುತ್ತಿತ್ತು, ಯಾರು ಮೊದಲು ಕಳಿಸುತ್ತಾರೋ ಅವರದೇ ಮೇಲುಗೈ.

ಸೋಮವಾರ ಬೆಳಿಗ್ಗೆ ಕೋರ್ಟಿನ ಹಿಂದಿನ ಓಣಿಯಲ್ಲಿ ಒಬ್ಬ ಮುದಿ ವಕೀಲನ ಮುಂದೆ ಹೋಗಿ ಕೂತ. ಮುದುಕ ಪೂರ್ತಿ ಕೇಳಿಸಿಕೊಂಡು, ತನ್ನ ದಪ್ಪ ಕನ್ನಡಕ ತೆಗೆದು ಇವನನ್ನು ನೋಡಿದ.

"ನೀವು ಕಣ್ಣಾರೆ ಕಂಡದ್ದೇನು?"

"ಅವನ ಕನ್ನಡಕ ಸರಿ ಮಾಡ್ತಿದ್ಲು."

"ಕನ್ನಡಕದ ಅಂಗಡಿಯೋಳು ಕನ್ನಡಕ ಸರಿ ಮಾಡದೆ ಇನ್ನೇನ್ರೀ ಮಾಡ್ತಾಳೆ?"

"ನಗ್ತಾ ಮಾಡ್ತಿದ್ಲು, ಸಾರ್."

ಮುದುಕ ನಿಟ್ಟುಸಿರು ಬಿಟ್ಟ. "ಮನೇಲಿ ಕೂರಿಸ್ಕೊಂಡು ಒಂದು ಮಾತು ಕೇಳಿ ಮೊದಲು."

"ಕೇಳ್ತಾ ಕೂತ್ರೆ ಅವಳೇ ಮೊದಲು ಕಳಿಸ್ತಾಳೆ. ಆಮೇಲೆ ಮೇಲುಗೈ ಅವಳದಾಗುತ್ತೆ."

"ಮೊದಲು ಕಳಿಸಿದವರಿಗೆ ಮೇಲುಗೈ ಅಂತ ಯಾರು ಹೇಳಿದ್ರು ನಿಮಗೆ?"

"ಬೀದೀಲಿ ಎಲ್ರೂ ಹೇಳ್ತಾರೆ, ಸಾರ್."

"ಹೇಳ್ಕೊಳ್ಳಲಿ, ಕಾನೂನು ಹಾಗಿಲ್ಲ. ನೋಡಿ, ನೋಟಿಸು ಅಂದ್ರೆ ಕೇಸಲ್ಲ, ಬರೀ ಕಾಗದ. ನಾಳೆ ಬೇಕಾದ್ರೆ ವಾಪಸು ತಗೊಂಡೆ ಅಂತ ಇನ್ನೊಂದು ಕಾಗದ ಬರೀಬಹುದು. ಆದ್ರೆ ಓದಿದವರಿಗೆ ಓದಿದ್ದನ್ನ ಮರೆಸೋಕೆ ಯಾವ ಕೋರ್ಟಿಗೂ ಆಗಲ್ಲ. ಕಳಿಸಲಾ?"

"ಕಳಿಸಿ" ಎಂದ ಟಪಾಲಣ್ಣ. ಅಷ್ಟೇ ಅಲ್ಲ, ಪರಪುರುಷನ ಸಂಗ ಎನ್ನುವ ಮಾತು ಬರಲೇಬೇಕು ಎಂದು ಪಟ್ಟು ಹಿಡಿದು ಬರೆಸಿದ. ಕನ್ನಡಕ, ಮೆಟ್ಟಿಲು, ಎಂಟು ಬುಧವಾರ, ಎಲ್ಲವೂ ಮೂರು ಪುಟದಲ್ಲಿ ಬಂದವು. ಕೆಳಗೆ ಸಹಿ ಹಾಕುವಾಗ ಅವನಿಗೆ ಗೆದ್ದಷ್ಟೇ ಸಮಾಧಾನವಾಯಿತು.

ಮಂಗಳವಾರ ಸಂಜೆ ಕೆಲಸ ಮುಗಿಸಿ ಮನೆಗೆ ಬಂದರೆ ಒಳಗೆ ತಂಗಿ ಕೂತಿದ್ದಳು. ಒಡಹುಟ್ಟಿದ ಒಬ್ಬಳೇ ತಂಗಿ. ಕಾಲ ಬಳಿ ಬಟ್ಟೆಯ ಚೀಲ, ತೊಡೆಯ ಮೇಲೆ ಐದು ವರ್ಷದ ಮಗಳು ನಿದ್ದೆ ಹೋಗಿದ್ದಳು. ತಂಗಿಯ ಕೆಳತುಟಿ ಒಡೆದು ಊದಿತ್ತು.

"ಏನಮ್ಮ ಇದು, ಎಲ್ಲಾದ್ರೂ ಬಿದ್ಯಾ?"

"ಬಿದ್ದದ್ದಲ್ಲ" ಎಂದಳು ಹೆಂಡತಿ, ನೀರಿನ ಲೋಟ ತಂದಿಡುತ್ತಾ. "ನಿಮ್ಮ ಚಿನ್ನದಂಥ ಮನುಷ್ಯ ಕೊಟ್ಟದ್ದು."

ಚಿನ್ನದಂಥ ಮನುಷ್ಯ ಎಂದರೆ ತಂಗಿಯ ಗಂಡ. ಭಾನುವಾರ ಭಾನುವಾರ ಅವನ ಜೊತೆ ಇಸ್ಪೀಟಿಗೆ ಕೂತು, ಅವನಂಥವನು ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಊರಲ್ಲೆಲ್ಲ ಹೇಳಿಕೊಂಡು ಬಂದವನು ಇವನೇ. ಮೂರು ವರ್ಷದಿಂದ ಹೊಡೆಯುತ್ತಿದ್ದನಂತೆ. ಎರಡು ತಿಂಗಳ ಹಿಂದೆ ಅತ್ತಿಗೆಯ ಹತ್ತಿರ ಬಾಯಿ ಬಿಟ್ಟಿದ್ದಾಳೆ. ಅಂಗಡಿಗೆ ಕನ್ನಡಕಕ್ಕೆ ಬಂದಿದ್ದ ವಕೀಲನನ್ನು ಅತ್ತಿಗೆ ಕೇಳಿದ್ದಾಳೆ, ಬುಧವಾರ ಐದೂವರೆಗೆ ಬನ್ನಿ ಅಂದಿದ್ದಾನೆ. ಹಗಲು ಗಂಡನ ಕಣ್ಣು ತಪ್ಪಿಸಿ ಹೊರಗೆ ಬರಲು ಇವಳಿಗೆ ಆಗುತ್ತಿರಲಿಲ್ಲ. ಅದಕ್ಕೆ ಇವಳ ಪ್ರಶ್ನೆಗಳನ್ನು ಅತ್ತಿಗೆ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಉತ್ತರ ಕೇಳಿಕೊಂಡು ಬಂದು ಹೇಳುತ್ತಿದ್ದಳು. ಈಗ ಉತ್ತರವೆಲ್ಲ ಸಿಕ್ಕಿದೆ, ತಂಗಿ ಮನೆ ಬಿಟ್ಟು ಬಂದಿದ್ದಾಳೆ.

"ನಿಮಗೆ ಯಾಕೆ ಹೇಳ್ಲಿಲ್ಲ ಅಂತ ಕೋಪ ಮಾಡ್ಕೋಬೇಡಿ" ಎಂದಳು ಹೆಂಡತಿ. "ನೀವು ಇಸ್ಪೀಟಿನ ಮುಂದೆ ಏನಾದ್ರೂ ಬಾಯಿ ಬಿಟ್ಟಿದ್ರೆ ಇವಳು ಇವತ್ತು ಹೊರಗೆ ಬರೋಕೇ ಆಗ್ತಿರ್ಲಿಲ್ಲ."

ಮೊದಲು ಅವನಿಗೆ ಆದದ್ದು, ಹೇಳಿಕೊಳ್ಳಲು ನಾಚಿಕೆ, ಸಂತೋಷ. ಚೀಟಿ ಅವಳದಲ್ಲ. ಹೊಡೆದವನು ತಾನಲ್ಲ. ತಂಗಿಯ ತುಟಿ ಒಡೆದು ರಕ್ತ ಹೆಪ್ಪುಗಟ್ಟಿದೆ, ಅಣ್ಣನಾದವನ ಒಳಗೆ ಹಾಲು ಉಕ್ಕಿದ ಹಾಗೆ ಸಂತೋಷ. ಅದರ ಹಿಂದೆಯೇ ಸೋಮವಾರ ನೆನಪಾಯಿತು, ಕಂದು ಲಕೋಟೆ ನೆನಪಾಯಿತು, ಹಾಲು ಅಲ್ಲೇ ಒಡೆಯಿತು.

ಇಷ್ಟಾದರೂ ಹೊಟ್ಟೆಕಿಚ್ಚು ಹೋಯಿತೇ ಎಂದರೆ ಇಲ್ಲ. ಅದು ಜಾಗ ಬದಲಾಯಿಸಿತು ಅಷ್ಟೆ. ಒಂದೇ ತಾಯಿಯ ಹಾಲು ಕುಡಿದವಳು ತನ್ನನ್ನು ಬಿಟ್ಟು ಅತ್ತಿಗೆಗೆ ಹೇಳಿದಳಲ್ಲ. ಅತ್ತಿಗೆ ನಾದಿನಿ ಒಂದೇ ಚಾಪೆಯ ಮೇಲೆ ಕೂತು, ಒಬ್ಬಳು ಇನ್ನೊಬ್ಬಳ ತುಟಿಗೆ ಬಟ್ಟೆ ಅದ್ದಿ ಒತ್ತುತ್ತಿದ್ದಳು. ಅವರ ನಡುವೆ ತನಗೆ ಕೂರಲು ಜಾಗವಿಲ್ಲ ಎಂದು ಅವನಿಗೆ ಅನ್ನಿಸಿತು. ಮೂರು ಸಲ ಹೆಂಡತಿಯನ್ನು ಪಕ್ಕಕ್ಕೆ ಕರೆದ. ಮೂರು ಸಲವೂ "ಉಪ್ಪು ಎಲ್ಲಿದೆ", "ದಿಂಬು ಸಾಕಾ", "ಏನಿಲ್ಲ ಬಿಡು" ಎಂದು ವಾಪಸು ಬಂದ. ಊರಿನವರ ಗುಟ್ಟು ಸರಾಗವಾಗಿ ಹೊರಡುತ್ತಿದ್ದ ಬಾಯಿಂದ ಸ್ವಂತದ್ದೊಂದು ಹೊರಡಲಿಲ್ಲ.

ಬುಧವಾರ ಬೆಳಿಗ್ಗೆ ಎಂಟಕ್ಕೇ ಮುದಿ ವಕೀಲನ ಬಾಗಿಲಿಗೆ ಓಡಿದ. ಬಾಗಿಲು ಹಾಕಿತ್ತು, ಪರ ಊರಿನ ಕೋರ್ಟಿಗೆ ಹೋಗಿದ್ದಾರೆ, ನಾಳೆ ಬರುತ್ತಾರೆ ಎಂದು ಪಕ್ಕದವರು ಹೇಳಿದರು. ಕಳಿಸಿದ ವಕೀಲರ ಸಹಿ ಇಲ್ಲದೆ ರಿಜಿಸ್ಟರ್ ಕಾಗದ ನಡುದಾರಿಯಲ್ಲಿ ನಿಲ್ಲುವುದಿಲ್ಲ. ಈ ನಿಯಮ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಮೇಜಿನ ಮುಂದೆ ದೊಡ್ಡ ಗುಮಾಸ್ತರು ಅವನ ಕಡೆಗೆ ಲಕೋಟೆ ಚಾಚಿದರು. "ಏನಯ್ಯಾ, ನಿನ್ನ ಮನೆಗೇ ಬಂದಿದೆ. ನಿನ್ನ ಹೆಂಡತಿ ಹೆಸರಿಗೆ."

ದೀಪದ ಬುಡ ಕತ್ತಲೆ ಎನ್ನುವುದು ಸುಳ್ಳಲ್ಲ. ನೋಟಿಸು ಬರೆಸಿದಾಗ, ಸಹಿ ಹಾಕಿದಾಗ, ಆಮೇಲೆ ಎರಡು ದಿನ, ಅದನ್ನು ಕೊಡಬೇಕಾದವನು ತಾನೇ ಎಂದು ಅವನಿಗೆ ಒಂದು ಸಲವೂ ಹೊಳೆದಿರಲಿಲ್ಲ. ತನ್ನ ಮನೆಯ ಕಾಗದವನ್ನು ಅವನು ಅಂಗಿಯ ಜೇಬಿಗೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಎಸೆಯುವವನು. ಮುನ್ನೂರ ಹನ್ನೆರಡು ಬಾಗಿಲಲ್ಲಿ ತನ್ನದೂ ಒಂದು ಎಂದು ಎಣಿಸಿಯೇ ಇರಲಿಲ್ಲ. ಈಗ ಪಟ್ಟಿಯಲ್ಲಿ ನಂಬರು ಬಿದ್ದಾಗಿತ್ತು. ಸಂಜೆಯೊಳಗೆ ಸಹಿ ತರಬೇಕು, ಇಲ್ಲವೆ ಯಾಕೆ ಕೊಡಲಿಲ್ಲ ಎಂದು ಬರೆದು ವಾಪಸು ತರಬೇಕು.

ದಾರಿಯುದ್ದಕ್ಕೂ ಅವನು ಯಾರ ಜೊತೆಯೂ ಮಾತಾಡಲಿಲ್ಲ. ಕಾಫಿ ಪುಡಿಯ ಅಂಗಡಿಯವರು, "ಯಾಕೆ ಟಪಾಲಣ್ಣ, ಹಲ್ಲುನೋವಾ?" ಎಂದು ಕೇಳಿದರು. ಅವನು ತಲೆ ಆಡಿಸಿ ಮುಂದೆ ಹೋದ.

ಬೇರೆ ದಿನವಾದರೆ ಹನ್ನೊಂದು ಗಂಟೆಗೆ ಆ ಮನೆಗೆ ಬೀಗ. ಅವಳು ಅಂಗಡಿಯಲ್ಲಿ, ಮಗಳು ಶಾಲೆಯಲ್ಲಿ. ಇವತ್ತು ನಾದಿನಿಗಾಗಿ ಅವಳು ರಜೆ ಹಾಕಿದ್ದಳು. ಬಾಗಿಲ ಹೊರಗೆ ನಿಂತವನಿಗೆ ಒಳಗಿನ ಮಾತು ಕೇಳಿಸುತ್ತಿತ್ತು. ಪೆನ್ನು ತೆಗೆದ. ಮನೆ ಬೀಗ ಹಾಕಿದೆ, ಎಂದು ಬರೆದರೆ ಇವತ್ತಿಗೆ ತಪ್ಪಿತು. ನಾಳೆ ಮುದುಕ ಬರುತ್ತಾನೆ, ವಾಪಸು ತೆಗೆದುಕೊಳ್ಳುವ ಚೀಟಿಗೆ ಅವನ ಸಹಿ ಬೀಳುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹದಿನೈದು ವರ್ಷದಲ್ಲಿ ತೆರೆದ ಬಾಗಿಲನ್ನು ಬೀಗ ಎಂದು ಬರೆದವನಲ್ಲ ಅವನು, ಅದೊಂದು ಹೆಮ್ಮೆ ಇತ್ತು. ಹೆಮ್ಮೆ ಯಾವ ಮೂಲೆಗೆ ಎಂದುಕೊಂಡು ಲಕೋಟೆಯನ್ನು ಗೋಡೆಗೆ ಒತ್ತಿ ಹಿಡಿದು "ಮನೆ ಬೀ" ಎಂದು ಬರೆದ.

ಬಾಗಿಲು ತೆರೆಯಿತು.

ಹೆಂಡತಿ ಲಕೋಟೆ ನೋಡಿದಳು, ಪೆನ್ನು ನೋಡಿದಳು, ಅರ್ಧ ಬರೆದದ್ದನ್ನು ನೋಡಿದಳು. ಅವಳ ಮುಖ ಮೆತ್ತಗಾಯಿತು. ಅಂಥ ಮೆತ್ತಗಿನ ಮುಖವನ್ನು ಅವನು ನೋಡಿ ವರ್ಷವೇ ಆಗಿತ್ತು.

"ಆ ಚಿನ್ನದಂಥ ಮನುಷ್ಯನೇ ಕಳಿಸಿದ್ದಾನೆ, ಅಲ್ವಾ? ತಂಗಿಗೆ ಗೊತ್ತಾಗಬಾರದು ಅಂತ ಬೀಗ ಅಂತ ಬರೀತಿದ್ರಾ?" ದನಿ ತಗ್ಗಿಸಿ, ಅವನ ಮುಂಗೈ ಹಿಡಿದುಕೊಂಡಳು. "ನಿಮಗೆ ಇಷ್ಟೊಂದು ಅಂತಃಕರಣ ಇದೆ ಅಂತ ಗೊತ್ತೇ ಇರ್ಲಿಲ್ಲ ನನಗೆ. ಆದ್ರೆ ಹಾಗೆ ಮಾಡ್ಬಾರದು ಕಣ್ರೀ. ಬಂದ ಕಾಗದನ ಸಹಿ ಹಾಕಿ ತಗೋಬೇಕು, ಹೆದರಬಾರದು ಅಂತ ವಕೀಲರು ಹೇಳಿದ್ದಾರೆ. ಕೊಡಿ."

"ಬೇಡ, ಇದು..."

"ಓ, ನನ್ನ ಹೆಸರಿಗೇ ಕಳಿಸಿದ್ದಾನೆ. ನಾನೇ ಅವಳ ತಲೆ ಕೆಡಿಸಿದ್ದು ಅಂತಾನೇನೋ. ಕಳಿಸ್ಲಿ ಬಿಡಿ." ಅವನ ಕೈಯಿಂದಲೇ ಪೆನ್ನು ತೆಗೆದುಕೊಂಡು ಸ್ವೀಕೃತಿ ಚೀಟಿಗೆ ಸಹಿ ಹಾಕಿದಳು. ತಾರೀಖೂ ಹಾಕಿದಳು. ಲಕೋಟೆ ಒಡೆದಳು.

ಒಂದು ಕೈಯನ್ನು ತಿರುಗಿ ಅವನ ಮುಂಗೈ ಮೇಲೆ ಇಟ್ಟುಕೊಂಡು, ಹೊಸ್ತಿಲ ಮೇಲೆ ನಿಂತೇ ಮೂರು ಪುಟ ಓದಿದಳು. ಹೀಗೆ ಓದುವವರನ್ನು ಟಪಾಲಣ್ಣ ಎಷ್ಟೋ ಬಾಗಿಲಲ್ಲಿ ಕಂಡಿದ್ದಾನೆ. ಕೆಲವರು ಕೂಗುತ್ತಾರೆ, ಕೆಲವರು ಕೂರುತ್ತಾರೆ. ಇವಳು ಎರಡೂ ಮಾಡಲಿಲ್ಲ. ಎರಡನೇ ಪುಟದಲ್ಲಿ ಕನ್ನಡಕದ ಸಾಲು ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಅಲ್ಲಿ ಅವಳ ಕಣ್ಣು ನಿಂತಿತು, ತುಂಬ ಹೊತ್ತು ನಿಂತಿತು. ಆಮೇಲೆ ಅವನ ಮುಂಗೈ ಮೇಲಿದ್ದ ತನ್ನ ಕೈ ತೆಗೆದುಕೊಂಡಳು.

"ಅದು ಕೇಸಲ್ಲ" ಎಂದ ಟಪಾಲಣ್ಣ. "ಬರೀ ಕಾಗದ ಅದು. ವಾಪಸು ತಗೋಬಹುದು. ವಕೀಲ ನಾಳೆ ಬರ್ತಾನೆ. ನಾನು ಚೀಟಿ ನೋಡಿ ನಿನ್ನದು ಅಂದ್ಕೊಂಡೆ. ಹೊಟ್ಟೆಕಿಚ್ಚು ಕಣೇ, ಬರೀ ಹೊಟ್ಟೆಕಿಚ್ಚು."

"ಗೊತ್ತು, ಇದು ಕೇಸಲ್ಲ ಅಂತ. ಎರಡು ತಿಂಗಳಿಂದ ಇದನ್ನೇ ಕೇಳ್ಕೊಂಡು ಬಂದಿದ್ದೀನಲ್ಲ, ಈಗ ಎಲ್ಲಾ ಗೊತ್ತು." ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಸಿದಳು. "ಉತ್ತರಕ್ಕೆ ಹದಿನೈದು ದಿನ ಅಲ್ವಾ? ನೀವೇ ಊರಿಗೆಲ್ಲ ಹೇಳ್ತಿರ್ತೀರಿ."

ಅವನು ಹೆಗಲ ಚೀಲವನ್ನು ಈ ಕಡೆಯಿಂದ ಆ ಕಡೆಗೆ ಹಾಕಿಕೊಂಡ.

"ಒಂದು ಮಾತು ಕೇಳಿದ್ರೆ ಆಗ್ತಿತ್ತು" ಎಂದಳು. ಒಳಗಿನಿಂದ ತಂಗಿ, "ಯಾರು ಅತ್ತಿಗೆ?" ಎಂದು ಕೂಗಿದಳು. "ಪೋಸ್ಟು" ಎಂದು ಇವಳು ಉತ್ತರ ಕೊಟ್ಟಳು. ಸ್ವೀಕೃತಿ ಚೀಟಿಯನ್ನು ಪಿನ್ನಿನಿಂದ ಬಿಡಿಸಿ ಅವನ ಅಂಗೈಯಲ್ಲಿ ಇಟ್ಟಳು. "ಇದು ನಿಮ್ಮ ವಕೀಲರಿಗೆ. ಇವತ್ತು ಬುಧವಾರ, ಐದೂವರೆಗೆ ನಿಮ್ಮ ತಂಗೀನ ಕರ್ಕೊಂಡು ಹೋಗ್ಬೇಕು. ಅವಳದು ಮುಗಿದ ಮೇಲೆ ನನ್ನದೂ ಎರಡು ಪ್ರಶ್ನೆ ಇದೆ. ಕೇಳ್ಕೊಂಡು ಬರ್ತೀನಿ."

ಬಾಗಿಲನ್ನು ಜೋರಾಗಿ ಹಾಕಲಿಲ್ಲ. ಮೆಲ್ಲಗೆ ಮುಚ್ಚಿ ಒಳಗಿನಿಂದ ಚಿಲಕ ಹಾಕಿದಳು.

ಟಪಾಲಣ್ಣ ಮೆಟ್ಟಿಲ ಮೇಲೆ ನಿಂತಿದ್ದ. ಹದಿನೈದು ವರ್ಷದ ಅಭ್ಯಾಸ ಬಿಡಬೇಕಲ್ಲ, ಚೀಟಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದ. ಸಹಿ ಇತ್ತು, ತಾರೀಖೂ ಇತ್ತು. ಏನೂ ಬಿಟ್ಟುಹೋಗಿರಲಿಲ್ಲ.